‘ರನ್’ ಎಂದರೆ ಓಡುವುದೊಂದೇ ಅಲ್ಲ

ಕೇಳುಗರಿಗೆ ನಮಸ್ಕಾರ. ಇಂಗ್ಲಿಷಿನ ‘ರನ್’ ಎಂಬ ಪದಕ್ಕೆ ಅರ್ಥವೇನೆಂದು ಕೇಳಿದರೆ ಶಾಲೆಯ ಯಾವ ಮಗುವಾದರೂ ‘ಓಡು’ ಎಂದು ಥಟ್ಟನೆ ಹೇಳುತ್ತದೆ. ಆದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪೀಟರ್ ಗಿಲಿವರ್ ಅವರು ಈ ಒಂದೇ ಪದದ ಮೇಲೆ ಒಂಬತ್ತು ತಿಂಗಳು ದುಡಿದು, ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಗುರುತಿಸಿದರು. ಅಷ್ಟನ್ನೂ ಬಾಯಿಪಾಠ ಮಾಡಬೇಕೆಂದು ದಯವಿಟ್ಟು ಗಾಬರಿಯಾಗಬೇಡಿ. ಪದದ ಅರ್ಥವನ್ನು ಅದರ ನೆರೆಯಲ್ಲಿರುವ ಪದಗಳೇ ತಿಳಿಸುತ್ತವೆ. ನಾನಿಂದು ಹೇಳಬೇಕೆಂದಿರುವುದು ಇದೊಂದೇ.

ಬಹಳ ವರ್ಷಗಳ ಹಿಂದೆ, ‘ವಿ ಹ್ಯಾವ್ ರನ್ ಔಟ್ ಆಫ್ ರೈಸ್’ ಎಂಬ ವಾಕ್ಯವನ್ನು ಕನ್ನಡಕ್ಕೆ ತರಲು ತರಗತಿಯಲ್ಲಿ ಕೊಟ್ಟಿದ್ದೆ. ಹಳ್ಳಿಯಿಂದ ಬಂದಿದ್ದ ಹುಡುಗನೊಬ್ಬ ಮುತ್ತಿನಂಥ ಅಕ್ಷರಗಳಲ್ಲಿ ‘ನಾವು ಅಕ್ಕಿಯಿಂದ ಹೊರಗೆ ಓಡಿದ್ದೇವೆ’ ಎಂದು ಬರೆದಿದ್ದ. ತರಗತಿಯೆಲ್ಲ ನಕ್ಕಿತು, ನನಗೆ ಸಂಕಟವಾಯಿತು. ಅವನು ಪ್ರತಿಯೊಂದು ಪದವನ್ನೂ ನಿಘಂಟಿನಲ್ಲಿ ಹುಡುಕಿ, ಮೊದಲ ಅರ್ಥವನ್ನು ನಂಬಿಕೆಯಿಂದ ಬರೆದುಕೊಂಡಿದ್ದ. ಅವನ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ, ನಾವು ಕಲಿಸಿದ ಕ್ರಮದಲ್ಲಿತ್ತು. ಕನ್ನಡದ ‘ಹೊಡೆ’ ಪದವನ್ನು ಮನೆಯಲ್ಲಿ ಹೇಗೆಲ್ಲ ಬಳಸುತ್ತೀರೆಂದು ಬರೆದು ತರಲು ಅವನಿಗೆ ಹೇಳಿದೆ. ಮರುದಿನ ಅವನ ಪುಟದಲ್ಲಿ ಗಂಟೆ ಹೊಡೆಯುವುದು, ಗೊರಕೆ ಹೊಡೆಯುವುದು, ಸುಣ್ಣ ಹೊಡೆಯುವುದು, ಹರಟೆ ಹೊಡೆಯುವುದು, ಗಾಡಿ ಹೊಡೆಯುವುದು ಎಲ್ಲವೂ ಇದ್ದವು. ಕೊನೆಯಲ್ಲಿ ಅವನೇ, ‘ಇವುಗಳಲ್ಲಿ ಯಾರಿಗೂ ಪೆಟ್ಟು ಬೀಳುವುದಿಲ್ಲ ಸಾರ್’ ಎಂದ. ಅವನಿಗೆ ಪಾಠ ಅಲ್ಲಿಗೇ ತಿಳಿದಿತ್ತು. ಅಕ್ಕಿಯ ವಾಕ್ಯವನ್ನು ‘ನಮ್ಮಲ್ಲಿ ಅಕ್ಕಿ ಮುಗಿದಿದೆ’ ಎಂದು ತಾನೇ ತಿದ್ದಿದ.

‘ರನ್’ ಕೂಡ ಹಾಗೆಯೇ. ಮೂಗಿನ ಜೊತೆ ಬಂದಾಗ ಅದು ಸೋರುವುದು, ನಲ್ಲಿಯ ಜೊತೆ ಹರಿಯುವುದು, ಒಗೆದ ಬಟ್ಟೆಯ ಬಣ್ಣದ ಜೊತೆ ಬಿಡುವುದು, ಅಂಗಡಿಯ ಜೊತೆ ನಡೆಸುವುದು. ಆದ್ದರಿಂದ, ಎಡಗಡೆ ಇಂಗ್ಲಿಷ್ ಪದ, ಬಲಗಡೆ ಒಂದೇ ಕನ್ನಡ ಅರ್ಥ ಎಂದು ಪುಟಗಟ್ಟಲೆ ಬರೆಸುವ ಅಭ್ಯಾಸವನ್ನು ಅಧ್ಯಾಪಕರು ಇನ್ನಾದರೂ ಬಿಡಬೇಕು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಪದವನ್ನು ಅದರ ಇಡೀ ವಾಕ್ಯದೊಂದಿಗೇ ಬರೆಸಿ.

ಸಮಯ ಕಡಿಮೆಯಿರುವುದರಿಂದ ಇನ್ನೊಂದೇ ಉದಾಹರಣೆ ಕೊಡುತ್ತೇನೆ. ಅಮೆರಿಕದ ಇಂಗ್ಲಿಷಿನಲ್ಲಿ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡುತ್ತಾನೆ, ಬ್ರಿಟನ್ನಿನ ಇಂಗ್ಲಿಷಿನಲ್ಲಿ ‘ಸ್ಟ್ಯಾಂಡ್’ ಮಾಡುತ್ತಾನೆ. ಅಲ್ಲಿ ಓಟ, ಇಲ್ಲಿ ನಿಲುವು, ಕೆಲಸ ಮಾತ್ರ ಒಂದೇ. ಕನ್ನಡದಲ್ಲಿ ನಾವೂ ಚುನಾವಣೆಗೆ ನಿಲ್ಲುತ್ತೇವೆ. ನಮಸ್ಕಾರ.