ದೋಣಿ ದಡ ಬಿಡೋ ಮೊದಲು

[ದೃಶ್ಯ: ಬೆಳಗಿನ ಜಾವ. ಸೊಂಟಮಟ್ಟದ ನೀರಲ್ಲಿ ನೀಲಿ ಬಲೆ ಎಳೆಯುತ್ತಾ ನಡೆಯುವ ಹುಡುಗಿ]

ಈ ಹುಡುಗಿ ಹಿಡೀತಿರೋದು ಸೀಗಡಿ ಮರಿ. ಕೂದಲೆಳೆಯಷ್ಟು ಸಣ್ಣದು, ಕಣ್ಣಿಗೆ ಕಾಣೋದೇ ಕಷ್ಟ. ಬಲೆಗೆ ಬಿದ್ದದ್ದನ್ನೆಲ್ಲ ಬಿಳಿ ತಟ್ಟೆಗೆ ಸುರಿದು, ಚಿಪ್ಪಿನ ಚೂರಿಂದ ಒಂದೊಂದೇ ಮರಿ ಆರಿಸಿ ಎಣಿಸಬೇಕು. ದುಡ್ಡು ಸಿಗೋದೂ ಎಣಿಕೆ ಲೆಕ್ಕದಲ್ಲೇ. ಗಂಟೆಗಟ್ಟಲೆ ಉಪ್ಪುನೀರಲ್ಲಿ ನಿಂತು ಕಾಲಿನ ಚರ್ಮ ಕೆಡುತ್ತೆ, ಮೊಸಳೆ ಭಯ ಬೇರೆ. ಇಂಥವಳ ಹತ್ರ ಯಾರೋ ಬಂದು "ಕೋಲ್ಕತ್ತಾದಲ್ಲಿ ಮನೆಕೆಲಸ ಇದೆ, ಊಟ, ವಸತಿ, ತಿಂಗಳ ಸಂಬಳ" ಅಂದ್ರೆ?

[ದೃಶ್ಯ: ನಕ್ಷೆ. ಗಂಗಾ ಮುಖಜಭೂಮಿ]

ಇದು ಸುಂದರಬನ. ಭಾರತದ ಕಡೆ, ಅಂದ್ರೆ ಪಶ್ಚಿಮ ಬಂಗಾಳದಲ್ಲಿ, 102 ದ್ವೀಪಗಳಿವೆ, ಅದರಲ್ಲಿ 54ರಲ್ಲಿ ಜನ ವಾಸ ಮಾಡ್ತಾರೆ. ಹುಲಿ ವಿಡಿಯೋ ಬೇಕಾದ್ರೆ ಯೂಟ್ಯೂಬ್ ತುಂಬ ಇದೆ, ಇದು ಅದಲ್ಲ, ಇಲ್ಲಿನ ಹುಡುಗಿಯರನ್ನ ಕೆಲಸ, ಮದುವೆ ಅಂತ ನಂಬಿಸಿ ಸಾಗಿಸೋ ದಂಧೆ ಬಗ್ಗೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ (ಎನ್‌ಸಿಆರ್‌ಬಿ) 2016ರ ಲೆಕ್ಕ ನೋಡಿ: ದೇಶದಲ್ಲಿ ದಾಖಲಾದ 8,132 ಮಾನವ ಕಳ್ಳಸಾಗಣೆ ಪ್ರಕರಣಗಳಲ್ಲಿ 3,579 ಪಶ್ಚಿಮ ಬಂಗಾಳದ್ದೇ. ಅದೂ ದಾಖಲಾದದ್ದು ಮಾತ್ರ. ಮರ್ಯಾದೆಗೆ ಅಂಜಿ ಸ್ಟೇಷನ್ ಮೆಟ್ಟಿಲು ಹತ್ತದವರ ಲೆಕ್ಕ ಇದರಲ್ಲಿ ಇಲ್ಲ.

ಯಾಕೆ ಅಲ್ಲೇ? 2009ರ ಮೇ 25, ಐಲಾ ಚಂಡಮಾರುತ. ದ್ವೀಪದ ಸುತ್ತ ಕಟ್ಟಿದ್ದ ಮಣ್ಣಿನ ಒಡ್ಡು ಒಡೆದು ಉಪ್ಪುನೀರು ಗದ್ದೆಗೆ ನುಗ್ಗಿತು. ನೀರೇನೋ ಇಳೀತು, ಉಪ್ಪು ಇಳೀಲಿಲ್ಲ. ಎಷ್ಟೋ ಗದ್ದೆಗಳಲ್ಲಿ ವರ್ಷಗಟ್ಟಲೆ ಭತ್ತ ಏಳಲಿಲ್ಲ. ಗಂಡಸರು ಕೇರಳ, ತಮಿಳುನಾಡು ಅಂತ ಕೂಲಿಗೆ ಹೊರಟರು. 2020ರ ಮೇ 20ರಂದು, ಲಾಕ್‌ಡೌನ್ ನಡುವೆಯೇ, ಅಂಫಾನ್. ಮರುವರ್ಷ ಯಾಸ್. ಗಾಳಿ ನಿಂತ ಮೇಲೆ ಪರಿಹಾರದ ಅಕ್ಕಿ ಬರುತ್ತೆ, ಹಿಂದೆಯೇ ಹುಡುಗಿಯರನ್ನ ಸಾಗಿಸೋ ಏಜೆಂಟೂ ಬರ್ತಾನೆ.

ಏಜೆಂಟ್ ಅಂದ ಕೂಡ್ಲೇ ಗುರುತು ಪರಿಚಯ ಇಲ್ಲದ ಗಂಡಸನ್ನ ನೆನೆಸ್ಕೋಬೇಡಿ. ಎಷ್ಟೋ ಸಲ ಅದು ಪಕ್ಕದ ಹಳ್ಳಿ ಹೆಂಗಸು, ದೂರದ ಸಂಬಂಧಿ, ಇಲ್ಲಾ ಮೊಬೈಲಲ್ಲಿ ಪರಿಚಯವಾಗಿ ಆರು ತಿಂಗಳು ಪ್ರೀತಿ ಅಂತ ಮಾತಾಡಿದ ಹುಡುಗ. ಹೆತ್ತವರನ್ನೇ ಬೀಳಿಸೋ ಗಾಳ ಇನ್ನೊಂದಿದೆ: "ವರದಕ್ಷಿಣೆ ಬೇಡ, ಮದುವೆ ಖರ್ಚೂ ನಮ್ಮದೇ." ಮೂರು ಹೆಣ್ಣುಮಕ್ಕಳಿರೋ ಅಪ್ಪನಿಗೆ ಇದು ದೇವರು ಕಳಿಸಿದ ಸಂಬಂಧ ಥರ ಕೇಳ್ಸುತ್ತೆ. ವರನ ಊರು ಎಲ್ಲಿ ಅಂತ ನೋಡಿಕೊಂಡು ಬರೋಕೆ ದುಡ್ಡು ಎಲ್ಲಿಂದ ತರ್ತಾನೆ?

[ದೃಶ್ಯ: ಗೊಸಾಬಾ ಘಾಟ್ (ದೋಣಿ ಹತ್ತೋ ಕಟ್ಟೆ), ಜನ ತುಂಬಿದ ಯಂತ್ರದ ದೋಣಿ]

ಗೊಸಾಬಾ ದ್ವೀಪದಿಂದ ಗದ್ಖಾಲಿಗೆ ದೋಣಿ. ಅಲ್ಲಿಂದ ಆಟೋನೋ ಬಸ್ಸೋ ಹಿಡಿದು ಕ್ಯಾನಿಂಗ್. ಕ್ಯಾನಿಂಗ್‌ನಿಂದ ಕೋಲ್ಕತ್ತಾದ ಸಿಯಾಲ್ದಾ ಸ್ಟೇಷನ್‌ಗೆ ಲೋಕಲ್ ಟ್ರೈನ್. ಸಿಯಾಲ್ದಾ ಮುಟ್ಟಿದ್ರೆ ಮುಗೀತು, ಕೋಲ್ಕತ್ತಾ ಕಡೆಯಿಂದ ದೆಹಲಿಗೂ ಮುಂಬೈಗೂ ರೈಲಿದೆ. ಅಂದ್ರೆ ಈ ದ್ವೀಪಕ್ಕೆ ಬಾಗಿಲುಗಳೇ ಕಮ್ಮಿ. ದೋಣಿಯವನು, ಘಾಟ್‌ನಲ್ಲಿ ಟಿಕೆಟ್ ಹರಿಯೋನು, ಚಹಾ ಅಂಗಡಿಯವನು, ಆಟೋ ಡ್ರೈವರ್, ಇಷ್ಟು ಜನರ ಕಣ್ಣು ತಪ್ಪಿಸಿ ಯಾರೂ ಹೊರಗೆ ಹೋಗೋಕಾಗಲ್ಲ. ಅವರಿಗೆ ತರಬೇತಿ ಕೊಟ್ರೆ, ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿದ್ರೆ, ಅರ್ಧ ಕೆಲಸ ಘಾಟ್‌ನಲ್ಲೇ ಆಗುತ್ತೆ.

ಆದ್ರೆ ಇಲ್ಲೊಂದು ಅಪಾಯ ಇದೆ. ಕಾವಲು ಅಂದ ಕೂಡ್ಲೇ ನಮ್ಮ ಜನರ ಕೈ ಮೊದಲು ಹೋಗೋದು ಹುಡುಗಿ ಮೇಲೇ. ಫೋನ್ ಕಿತ್ಕೋ, ಶಾಲೆ ಬಿಡಿಸು, ಬೇಗ ಮದುವೆ ಮಾಡು. ನಂಗಂತೂ ಇದು ಏಜೆಂಟನ ಕೆಲಸ ನಾವೇ ಸಲೀಸು ಮಾಡಿಕೊಟ್ಟ ಹಾಗೆ ಕಾಣುತ್ತೆ. ಮನೇಲಿ ಬೈಗುಳ ಬಿಟ್ರೆ ಬೇರೇನೂ ಕೇಳದ ಹುಡುಗಿಗೆ, ಫೋನಲ್ಲಿ ಸಿಹಿಯಾಗಿ ಮಾತಾಡೋನೇ ಬಂಧು ಆಗ್ತಾನೆ.

ದುಡ್ಡಿನ ಕಡೆಯಿಂದ ಹೋದ ಒಂದು ಯೋಜನೆ ಕನ್ಯಾಶ್ರೀ. ಬಂಗಾಳ ಸರ್ಕಾರ 2013ರಲ್ಲಿ ತಂದದ್ದು, 2017ರಲ್ಲಿ ವಿಶ್ವಸಂಸ್ಥೆ ಪ್ರಶಸ್ತಿಯೂ ಬಂತು. 18 ತುಂಬಿದಾಗ ಹುಡುಗಿ ಇನ್ನೂ ಓದ್ತಿದ್ದು ಮದುವೆ ಆಗಿರದಿದ್ರೆ, ಅವಳದೇ ಖಾತೆಗೆ 25,000 ರೂಪಾಯಿ. ಮದುವೆ ಮುಂದೂಡೋಕೆ ಅಪ್ಪನಿಗೂ ಒಂದು ನೆಪ ಸಿಗುತ್ತೆ. ಆ ದುಡ್ಡನ್ನೇ ಮದುವೆಗೆ ಸುರಿಯೋರೂ ಇದ್ದಾರೆ, ಅದು ಬೇರೆ ಮಾತು. ನನ್ನ ತಕರಾರು ಇಷ್ಟೇ: ಚಂಡಮಾರುತ ಬಂದ ವರ್ಷ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದರಿಂದ ಏನೂ ಇಲ್ಲ. ಏಜೆಂಟ್ ಹುಡುಕೋದು ಅವಳನ್ನೇ.

[ದೃಶ್ಯ: ಪೊಲೀಸ್ ಠಾಣೆ ಬೆಂಚು, ಕೈಯಲ್ಲಿ ಫೋಟೋ ಹಿಡಿದ ತಾಯಿ]

ಹುಡುಗಿ ಕಾಣೆಯಾದ್ರೆ ಗಂಟೆಗಂಟೆಗೂ ಬೆಲೆ. "ಯಾರ ಜೊತೆಗೋ ಓಡಿಹೋಗಿರ್ತಾಳೆ, ಎರಡು ದಿನ ನೋಡಿ" ಅಂತ ಠಾಣೇಲಿ ಹೇಳಿದ್ರೆ ಒಪ್ಪಬೇಡಿ. 18ರ ಒಳಗಿನ ಮಗು ಕಾಣೆ ಅಂತ ದೂರು ಬಂದ್ರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಯಾವ ಠಾಣೆಯಲ್ಲಾದ್ರೂ ಝೀರೋ ಎಫ್‌ಐಆರ್ ಕೊಡಬಹುದು, ಅಂದ್ರೆ ಪ್ರಕರಣ ಆ ಠಾಣೆಯ ವ್ಯಾಪ್ತಿಗೆ ಬರದಿದ್ರೂ ದೂರು ದಾಖಲಿಸಬಹುದು. ಇತ್ತೀಚಿನ ಫೋಟೋ, ಅವಳ ನಂಬರ್, ಕೊನೆಗೆ ಅವಳಿಗೆ ಫೋನ್ ಮಾಡಿದವರ ನಂಬರ್ ಜೊತೆಗಿರಲಿ. ಮಗುವಿನ ಸಾಗಣೆ ಸಾಬೀತಾದ್ರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ ಕನಿಷ್ಠ 10 ವರ್ಷ ಜೈಲು. ಸಾಬೀತಾಗೋದು ಸುಲಭ ಅಲ್ಲ. ದೂರು ಕ್ಯಾನಿಂಗ್‌ನಲ್ಲಿ, ಸಾಕ್ಷಿ ದೆಹಲಿಯಲ್ಲಿ, ಹುಡುಗಿ ಮೇಲೆ ಊರಿನವರ ಒತ್ತಡ.

ಪಾರಾಗಿ ಬಂದವಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪರಿಹಾರಕ್ಕೆ ಅರ್ಜಿ ಹಾಕಬಹುದು, ಫೀಸಿಲ್ಲದೆ ವಕೀಲರೂ ಸಿಗ್ತಾರೆ. ಹಾಗೆ ವಾಪಸ್ ಬಂದ ಕೆಲವು ಹೆಂಗಸರು ಈಗ ತಾವೇ ಗುಂಪು ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗಿ ಹೇಳ್ತಾರೆ. ಭಾಷಣಕಾರರಿಗಿಂತ ಅವರ ಮಾತನ್ನೇ ಹುಡುಗಿಯರು ಕಿವಿಗೊಟ್ಟು ಕೇಳೋದು.

[ದೃಶ್ಯ: ರೈಲಿನ ಬೋಗಿ, ರಾತ್ರಿ]

ಇನ್ನು ನಮ್ಮ ಕಡೆ. ಹೌರಾದಿಂದ ಬೆಂಗಳೂರಿಗೂ ನೇರ ರೈಲುಗಳಿವೆ. ಎದುರು ಸೀಟಲ್ಲಿ ಹದಿನಾಲ್ಕು ಹದಿನೈದರ ಹುಡುಗಿ, ಎಲ್ಲಿಗೆ ಹೋಗ್ತಿದೀನಿ ಅಂತ ಅವಳಿಗೇ ಗೊತ್ತಿಲ್ಲ, ಪ್ರತಿ ಪ್ರಶ್ನೆಗೂ ಪಕ್ಕದವರೇ ಉತ್ತರ ಕೊಡ್ತಿದ್ದಾರೆ. ಅವರ ಜೊತೆ ಜಗಳಕ್ಕೆ ಇಳೀಬೇಡಿ, ಮುಂದಿನ ಸ್ಟೇಷನ್‌ನಲ್ಲಿ ಇಳಿಸ್ಕೊಂಡು ಮಾಯ ಆಗಿಬಿಡ್ತಾರೆ. ಟಾಯ್ಲೆಟ್ ಕಡೆ ಎದ್ದು ಹೋಗಿ ರೈಲ್ವೆ ಸಹಾಯವಾಣಿ 139ಕ್ಕೋ, ಮಕ್ಕಳ ಸಹಾಯವಾಣಿ 1098ಕ್ಕೋ ಫೋನ್ ಮಾಡಿ. ಬೋಗಿ ನಂಬರ್, ಸೀಟ್ ನಂಬರ್, ಮುಂದಿನ ಸ್ಟೇಷನ್ ಹೆಸರು ಹೇಳಿ, ವಾಪಸ್ ಬಂದು ನಿಮ್ಮ ಸೀಟಲ್ಲೇ ಕೂತಿರಿ.