ಹಾವರ್ತಿನ ಹಳೆಯ ಶಾಲಾಕೊಠಡಿ

ಕೇಳುಗರಿಗೆ ನಮಸ್ಕಾರ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇಂದು ಸಮುದಾಯ ಭವನಗಳಾಗಿರುವ ಹಲವು ಕಟ್ಟಡಗಳು ಹಿಂದೆ ಶಾಲೆಗಳಾಗಿದ್ದವು. ಯಾರ್ಕ್‌ಷೈರ್ ಪ್ರಾಂತದ ಗುಡ್ಡಗಾಡಿನಲ್ಲಿರುವ ಹಾವರ್ತ್ ಎಂಬ ಊರಿನ ಹಳೆಯ ಶಾಲಾಕೊಠಡಿ ಅವುಗಳಲ್ಲೊಂದು.

ಅದನ್ನು 1832ರಲ್ಲಿ ಕಟ್ಟಿಸಿದವರು ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟಿ. ಐರ್ಲೆಂಡಿನ ಬಡ ಕುಟುಂಬದಲ್ಲಿ ಹುಟ್ಟಿ, ಹದಿಹರೆಯದಲ್ಲೇ ಮೇಷ್ಟರಾಗಿ, ಮುಂದೆ ಕೇಂಬ್ರಿಜ್‌ನಲ್ಲಿ ಓದಿದ ಅವರಿಗೆ ವಿದ್ಯೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊರವರ ವಂತಿಗೆಯಿಂದಲೂ ಬಡ ಮಕ್ಕಳಿಗಾಗಿ ಚರ್ಚ್ ಶಾಲೆಗಳನ್ನು ತೆರೆಯುತ್ತಿದ್ದ ಲಂಡನ್ನಿನ ನ್ಯಾಷನಲ್ ಸೊಸೈಟಿ ಎಂಬ ಸಂಸ್ಥೆಯ ಸಹಾಯಧನದಿಂದಲೂ ಶಾಲೆ ನಿರ್ಮಾಣವಾಯಿತೆಂದು ಗೋಡೆಯ ಕಲ್ಲಿನಲ್ಲಿ ಕೆತ್ತಲಾಗಿದೆ. ಮೊದಲಿಗೆ ಅದು ಭಾನುವಾರದ ಶಾಲೆ. ವಾರವೆಲ್ಲ ಉಣ್ಣೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳಿಗೆ ಬಿಡುವಿದ್ದದ್ದು ಆ ಒಂದೇ ದಿನ. 1850ರಲ್ಲಿ ಊರಿನ ನೈರ್ಮಲ್ಯವನ್ನು ಪರಿಶೀಲಿಸಿದ ಬ್ಯಾಬೇಜ್ ಎಂಬ ಅಧಿಕಾರಿ, ಅಲ್ಲಿನ ಸಾವುಗಳಲ್ಲಿ ನೂರಕ್ಕೆ 41ಕ್ಕಿಂತ ಹೆಚ್ಚು ಆರು ವರ್ಷದೊಳಗಿನ ಮಕ್ಕಳವೆಂದು ವರದಿ ಮಾಡಿದರು. ಅಂಥ ಊರಿನ ಮಕ್ಕಳಿಗೆ ಪಾಠ ಹೇಳಿದವರಲ್ಲಿ ಪಾದ್ರಿಯ ಮಗಳು, ಮುಂದೆ ಕಾದಂಬರಿಕಾರ್ತಿಯಾಗಿ ಹೆಸರಾದ ಷಾರ್ಲೆಟ್ ಬ್ರಾಂಟಿಯೂ ಒಬ್ಬರು.

ನ್ಯಾಷನಲ್ ಸೊಸೈಟಿಯ ಬೋಧನಾಕ್ರಮಕ್ಕೆ ದಕ್ಷಿಣ ಭಾರತದ ನಂಟಿದೆಯೆಂಬುದನ್ನು ಇಲ್ಲಿ ನೆನೆಯಬೇಕು. ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕರಾಗಿದ್ದ ಆಂಡ್ರ್ಯೂ ಬೆಲ್, ನಮ್ಮ ಕೂಲಿಮಠಗಳಲ್ಲಿ ನಡೆಯುತ್ತಿದ್ದಂತೆ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಸ್ಥಳೀಯ ಶಾಲೆಯೊಂದರಲ್ಲಿ ಕಂಡು, ಆ ರೂಢಿಯನ್ನು ತಮ್ಮಲ್ಲಿ ಜಾರಿಗೆ ತಂದರು. ಹಿರಿಯ ಹುಡುಗರು ಕಿರಿಯರಿಗೆ ಕಲಿಸುವ ಅವರ ಪದ್ಧತಿಗೆ ಇಂಗ್ಲೆಂಡಿನಲ್ಲಿ ಮದರಾಸು ಪದ್ಧತಿಯೆಂಬ ಹೆಸರೇ ಬಂತು. ಒಬ್ಬನೇ ಉಪಾಧ್ಯಾಯ ನೂರಾರು ಮಕ್ಕಳ ಮೇಲೆ ಕಣ್ಣಿಡಬೇಕಾದ ಈ ಕ್ರಮಕ್ಕೆ ಬೇಕಾದದ್ದು ನಡುವೆ ಗೋಡೆಗಳಿಲ್ಲದ ವಿಶಾಲವಾದ ಕೋಣೆ. ಆ ಕಾಲದ ಶಾಲೆಗಳು ಮುಂದೆ ಅಷ್ಟು ಸಲೀಸಾಗಿ ಸಭಾಭವನಗಳಾದದ್ದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಹಾವರ್ತಿನ ಶಾಲೆಯಂತೂ ಪಾಠಗಳು ನಡೆಯುತ್ತಿದ್ದ ಕಾಲದಲ್ಲೇ ಊರಿನ ಭವನವಾಗಿತ್ತು. 1844ರಿಂದ ಅಲ್ಲಿ ದಿನದ ಶಾಲೆಯೂ ನಡೆಯಿತು. 1854ರ ಜೂನ್ 29ರಂದು ಷಾರ್ಲೆಟ್, ತಂದೆಯ ಸಹಾಯಕ ಪಾದ್ರಿ ಆರ್ಥರ್ ಬೆಲ್ ನಿಕೋಲ್ಸ್ ಅವರನ್ನು ಮದುವೆಯಾದರು. ಆ ಆಗಸ್ಟಿನಲ್ಲಿ ದಂಪತಿಗಳು ಶಾಲೆಯ ಮಕ್ಕಳು, ಉಪಾಧ್ಯಾಯರು, ಚರ್ಚಿನ ಗಂಟೆ ಬಾರಿಸುವವರು, ಹಾಡುಗಾರರು ಸೇರಿ ಸುಮಾರು 500 ಮಂದಿಯನ್ನು ಇದೇ ಕೋಣೆಗೆ ಕರೆದು ಚಹಾ ಮತ್ತು ಊಟದಿಂದ ಸತ್ಕರಿಸಿದರು. ಹಳ್ಳಿಯವರೊಬ್ಬರು ಎದ್ದುನಿಂತು ನಿಕೋಲ್ಸರನ್ನು ನಿಷ್ಠಾವಂತ ಕ್ರೈಸ್ತರೆಂದೂ ದಯಾವಂತ ಸಜ್ಜನರೆಂದೂ ಹೊಗಳಿದಾಗ, ಸಂಪತ್ತು, ಕೀರ್ತಿ, ಅಧಿಕಾರಗಳಿಗಿಂತ ಇಂಥ ಹೆಸರು ಗಳಿಸುವುದೇ ಮೇಲೆಂದು ತಮಗೆ ಅನಿಸಿತೆಂದು ಷಾರ್ಲೆಟ್ ಪತ್ರವೊಂದರಲ್ಲಿ ಬರೆದಿದ್ದಾರೆ. ಮರುವರ್ಷ ಮಾರ್ಚಿನಲ್ಲಿ ಅವರು ತೀರಿಕೊಂಡರು.

ಪ್ಯಾಟ್ರಿಕ್ ಬ್ರಾಂಟಿ ಸೇವೆ ಸಲ್ಲಿಸಿದ ಚರ್ಚನ್ನು, ಗೋಪುರವೊಂದನ್ನು ಉಳಿಸಿ, 1879ರಲ್ಲಿ ಕೆಡವಿ ಹೊಸದಾಗಿ ಕಟ್ಟಲಾಯಿತು. ಶಾಲಾಕೊಠಡಿ ಮಾತ್ರ ಉಳಿಯಿತು, ಉಪಯೋಗದಲ್ಲಿದ್ದುದರಿಂದಲೇ ಉಳಿಯಿತೆನ್ನಬೇಕು. ಮಕ್ಕಳು ಬೇರೆ ಶಾಲೆಗಳಿಗೆ ಹೋದ ಮೇಲೂ ಊರಿನವರು ಅದನ್ನು ಕೈಬಿಡಲಿಲ್ಲ. ಇಂದು ಸ್ವಯಂಸೇವಕರು ಅದನ್ನು ನೋಡಿಕೊಳ್ಳುತ್ತಿದ್ದಾರೆ. ಅಲ್ಲಿ ಸಭೆಗಳು ಸೇರುತ್ತವೆ, ಮದುವೆಯ ಔತಣಗಳು ನಡೆಯುತ್ತವೆ.