ಮಜಲ್‌ಲೋಡರ್ ಗುರಿ ಪರೀಕ್ಷೆ: ಮೊದಲು ನೆಲದ ಮೇಲಿನ ಬಟ್ಟೆಚೂರು ಹೆಕ್ಕಿ

(ದೃಶ್ಯ: ಅಂಗೈ ಮೇಲೊಂದು ಮಸಿ ಹಿಡಿದ ಬಟ್ಟೆಚೂರು. ಕ್ಯಾಮೆರಾ ತೀರಾ ಹತ್ತಿರ.)

ಇದು ಈಗಷ್ಟೇ ಕೋವಿಯ ನಳಿಗೆಯಿಂದ ಹಾರಿಬಂದ ಬಟ್ಟೆ. ಶೂಟಿಂಗ್ ರೇಂಜಿನಲ್ಲಿ ಎಲ್ಲರ ಕಣ್ಣೂ ದೂರದ ಟಾರ್ಗೆಟ್ ಹಾಳೆಯ ಮೇಲಿರುತ್ತೆ. ಮಜಲ್‌ಲೋಡರ್, ಅಂದರೆ ನಳಿಗೆಯ ಬಾಯಿಂದ ಮದ್ದು ಗುಂಡು ತುಂಬುವ ಕೋವಿ, ತಂದವರು ಮಾತ್ರ, ಎಲ್ಲರೂ ಕೋವಿ ಕೆಳಗಿಟ್ಟಿದ್ದಾರೆ ಅಂತ ಖಾತ್ರಿಯಾದ ಮೇಲೆ, ಬೆಂಚಿನಿಂದ ಐದು ಹತ್ತು ಮೀಟರ್ ಮುಂದೆ ಹೋಗಿ ತಲೆ ತಗ್ಗಿಸಿ ಏನೋ ಹುಡುಕ್ತಿರ್ತಾರೆ. ಅವರು ಹುಡುಕೋದು ಇದನ್ನೇ.

ನಮಸ್ಕಾರ. ಬಾಯಿಂದ ಮದ್ದು ತುಂಬುವ ರೈಫಲ್ಲಿನ ಗುರಿ ಎಷ್ಟು ನಿಖರ ಅಂತ ರೇಂಜಿನಲ್ಲಿ ಪರೀಕ್ಷೆ ಮಾಡೋದು ಹೇಗೆ ಅಂತ ಇವತ್ತು ನೋಡೋಣ.

(ದೃಶ್ಯ: ಹಳೆಯ ಚಿತ್ರದಂತೆ ಬಿಡಿಸಿದ ರೇಖಾಚಿತ್ರ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬಿಗಿದ ರೈಫಲ್, ಟ್ರಿಗರಿಗೆ ಕಟ್ಟಿದ ದಾರ.)

1860ರ ಜುಲೈ 2. ಇಂಗ್ಲೆಂಡಿನ ವಿಂಬಲ್ಡನ್. ರಾಣಿ ವಿಕ್ಟೋರಿಯಾ ಒಂದು ರೇಷ್ಮೆ ದಾರ ಎಳೆದರು. ಸ್ಟ್ಯಾಂಡಿಗೆ ಬಿಗಿದಿದ್ದ ವಿಟ್‌ವರ್ಥ್ ರೈಫಲ್ ಸಿಡಿಯಿತು. 400 ಗಜ ದೂರದಲ್ಲಿ ಗುಂಡು ಬಿದ್ದದ್ದು ನಟ್ಟನಡುವಿನಿಂದ ಸುಮಾರು ಒಂದೂಕಾಲು ಇಂಚು ಪಕ್ಕಕ್ಕೆ. ಅದೂ ಮಜಲ್‌ಲೋಡರೇ! ಹಾಗಾಗಿ "ಹಳೇ ಕೋವಿ, ಎಲ್ಲೋ ಹೊಡೆಯುತ್ತೆ" ಅನ್ನೋ ಮಾತನ್ನ ನಾನು ಒಪ್ಪೋದಿಲ್ಲ. ಆದರೆ ಒಂದು ವಿಷಯ ಗಮನಿಸಿ. ಆ ಸ್ಟ್ಯಾಂಡು ಗುರಿ ಹಿಡಿಯುವ ಕೈಯ ನಡುಕವನ್ನ ತೆಗೆದುಹಾಕಿತ್ತು. ಮದ್ದು ತುಂಬುವ ಕೈಯನ್ನ ಯಾವ ಸ್ಟ್ಯಾಂಡೂ ತೆಗೆದುಹಾಕಲಾರದು. ತೋಟಾ ಕೋವಿಯಲ್ಲಿ ಮದ್ದು, ಗುಂಡು, ಕಿಡಿ ಹೊತ್ತಿಸುವ ಕೇಪು ಎಲ್ಲಾ ಮೊದಲೇ ಅಳತೆಯಾಗಿ ಬಂದಿರುತ್ತೆ. ಇಲ್ಲಿ ಪ್ರತಿ ಈಡನ್ನೂ ನೀವೇ ಹೊಸದಾಗಿ ಕಟ್ಟಬೇಕು. ಹತ್ತನೇ ಈಡು ಮೊದಲನೇ ಈಡಿನ ಹಾಗೇ ಇದೆಯಾ? ಪರೀಕ್ಷೆ ಮಾಡ್ತಿರೋದು ಅದನ್ನೇ.

(ದೃಶ್ಯ: ಬೆಂಚಿನ ಮೇಲೆ ಮದ್ದಿನ ಅಳತೆಗೊಳವೆ, ಸೀಸದ ಗುಂಡುಗಳು, ಎಣ್ಣೆ ಸವರಿದ ಬಟ್ಟೆಚೂರುಗಳು.)

ಲೆಕ್ಕಕ್ಕೆ .50 ಕ್ಯಾಲಿಬರಿನ ರೈಫಲ್ ಇಟ್ಕೊಳ್ಳೋಣ. ನಳಿಗೆಯ ಒಳಗಲ ಅರ್ಧ ಇಂಚು. ಗುಂಡು 0.490 ಇಂಚು, ಸುತ್ತಲಿನ ಬಟ್ಟೆಯ ದಪ್ಪ 0.015 ಇಂಚು. ಎರಡೂ ಕಡೆ ಸೇರಿಸಿದರೆ 0.520. ಅರ್ಧ ಇಂಚಿನ ತೂತಿಗೆ ಇದು ಹೇಗೆ ಹೋಗುತ್ತೆ? ಬಟ್ಟೆ ಅಮುಕಿಕೊಂಡು ನಳಿಗೆಯ ಸುರುಳಿ ಕೊರಕಲುಗಳೊಳಗೆ ತುಂಬಿಕೊಳ್ಳುತ್ತೆ. ಗುಂಡನ್ನ ತಿರುಗಿಸೋದೂ ಅದೇ, ಹಿಂದಿನ ಬಿಸಿ ಗಾಳಿ ನುಗ್ಗದ ಹಾಗೆ ತಡೆಯೋದೂ ಅದೇ. ಬಟ್ಟೆಯನ್ನ ಕಡೆಗಣಿಸಿ ಕೋವಿಗೆ ದುಬಾರಿ ಸೈಟ್, ಅಂದರೆ ಗುರಿ ನೋಡುವ ಸಾಧನ, ಕೊಳ್ಳೋರನ್ನ ಕಂಡರೆ ನನಗೆ ನಗು ಬರುತ್ತೆ.

ಗುಂಡುಗಳನ್ನ ತೂಕ ಮಾಡಿ. ಈ ಅಳತೆಯ ಅಪ್ಪಟ ಸೀಸದ ಗುಂಡು ಸುಮಾರು 177 ಗ್ರೇನ್, ಅಂದರೆ ಹನ್ನೊಂದೂವರೆ ಗ್ರಾಂ ತೂಗುತ್ತೆ. ತೀರಾ ಕಡಿಮೆ ತೂಗಿದರೆ ಎರಕದೊಳಗೆ ಗಾಳಿಗುಳ್ಳೆ ಇರಬಹುದು, ಪಕ್ಕಕ್ಕಿಡಿ. ಮದ್ದನ್ನ ಗೊಳವೆಯಲ್ಲಿ ಅಳೆದೇ ಹಾಕಿ, ಡಬ್ಬಿಯಿಂದ ನೇರವಾಗಿ ನಳಿಗೆಗೆ ಯಾವತ್ತೂ ಸುರೀಬೇಡಿ. ಒಳಗೊಂದು ಕಿಡಿ ಉಳಿದಿದ್ದರೆ ಕೈಯಲ್ಲಿರೋದು ಇಡೀ ಡಬ್ಬಿ. ಕರಿಮದ್ದು ಅಥವಾ ಅದಕ್ಕಂತಲೇ ತಯಾರಿಸಿದ ಬದಲಿ ಮದ್ದು ಮಾತ್ರ. ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಗೆ ಸೀಳಿಹೋಗುತ್ತೆ.

ನಳಿಗೆ ಖಾಲಿಯಿರುವಾಗ ಒಮ್ಮೆ, ಸರಿಯಾಗಿ ತುಂಬಿದಾಗ ಒಮ್ಮೆ, ಗುಂಡು ಅದುಮುವ ಕಡ್ಡಿಯ ಮೇಲೆ ಗುರುತು ಹಾಕಿಕೊಳ್ಳಿ. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು. ಗುರುತು ನಳಿಗೆಯ ಬಾಯಿಗೆ ಸರಿಯಾಗಿ ಕೂತರೆ ಗುಂಡು ಮದ್ದಿನ ಮೇಲೇ ಕೂತಿದೆ ಅಂತ. ಕಡ್ಡಿಯನ್ನ ಪುಟಿಯೋವರೆಗೂ ಎತ್ತಿ ಕುಕ್ಕಬೇಕು ಅಂತ ಕೆಲವರು ಹೇಳಿಕೊಡ್ತಾರೆ. ಬೇಡ. ಮೆತ್ತನೆ ಸೀಸ ಚಪ್ಪಟೆಯಾಗುತ್ತೆ. ಪ್ರತಿಸಲ ಒಂದೇ ಒತ್ತು ಕೊಟ್ಟರೆ ಸಾಕು.

ಈ ಗುರುತಿನ ಬೆಲೆ ನನಗೆ ಗೊತ್ತಾದದ್ದು ನಾಚಿಕೆಪಟ್ಟೇ. ಪಕ್ಕದವರ ಜೊತೆ ಮಾತಾಡ್ತಾ ಮಾತಾಡ್ತಾ, ಮದ್ದು ಹಾಕದೇ ಗುಂಡು ಅದುಮಿಬಿಟ್ಟಿದ್ದೆ. ಕೇಪು ಚಟ್ ಅಂತು, ಅಷ್ಟೇ. ಆಮೇಲೆ ಕಡ್ಡಿಯ ತುದಿಗೆ ತಿರುಪು ಹಾಕಿ ಗುಂಡನ್ನ ಹೊರಗೆಳೆಯೋಷ್ಟರಲ್ಲಿ ಅರ್ಧ ಬೆಳಗ್ಗೆ ಹೋಯ್ತು. ಅಂದಿನಿಂದ ಮದ್ದು ತುಂಬುವಾಗ ನಾನು ಮೂಕ.

(ದೃಶ್ಯ: ಮರಳು ಚೀಲಗಳ ಮೇಲೆ ರೈಫಲ್. ಹೊಗೆ ಏಳುತ್ತದೆ. ನಂತರ ಟಾರ್ಗೆಟ್ ಹಾಳೆ.)

ಈಗ ಹೊಡೆಯೋಣ. ಮೊದಲು 25 ಗಜ, ಗುಂಡು ಹಾಳೆಯ ಮೇಲೆ ಬೀಳ್ತಿದೆಯಾ ನೋಡೋಕೆ. ನಿಜವಾದ ಪರೀಕ್ಷೆ 50ರಲ್ಲಿ. ಉರುಟು ಗುಂಡು ಗಾಳಿಯಲ್ಲಿ ಬೇಗ ವೇಗ ಕಳ್ಕೊಳ್ಳುತ್ತೆ, ಪಕ್ಕದ ಗಾಳಿಗೆ ಸುಲಭವಾಗಿ ಸರಿಯುತ್ತೆ. 100 ಗಜದಲ್ಲಿ ನೀವು ಅಳೆಯೋದು ಕೋವಿಯನ್ನೋ ಗಾಳಿಯನ್ನೋ ಅಂತ ಗೊತ್ತಾಗೋದಿಲ್ಲ. ರೈಫಲ್ಲಿನ ಮರ ಚೀಲದ ಮೇಲೆ ಪ್ರತಿಸಲ ಒಂದೇ ಜಾಗದಲ್ಲಿ ಕೂರಲಿ, ನಳಿಗೆ ಮಾತ್ರ ಯಾವುದಕ್ಕೂ ತಾಗಬಾರದು.

ಎಷ್ಟು ಈಡು? ಮೂರು ಹೊಡೆದು, ಮೂರೂ ಒತ್ತಟ್ಟಿಗೆ ಬಿದ್ದ ಹಾಳೆಯ ಫೋಟೋ ತೆಗೆದು ಎಲ್ಲರಿಗೂ ಕಳಿಸೋದು ಸುಲಭ. ಗಣಿತ ಬೇರೆ ಹೇಳುತ್ತೆ. ಅದೇ ಕೋವಿ, ಅದೇ ಮದ್ದು, ಯಾವ ತಪ್ಪೂ ಆಗದಿದ್ದರೂ, ಹತ್ತು ಈಡಿನ ಗುಂಪು ಸರಾಸರಿಯಲ್ಲಿ ಮೂರು ಈಡಿನ ಗುಂಪಿಗಿಂತ ಸುಮಾರು 1.6 ಪಟ್ಟು ಹರಡಿರುತ್ತೆ. ಎರಡು ಇಂಚು ಅಂತ ಬೀಗಿದ್ದು ಮೂರು ಇಂಚು ದಾಟುತ್ತೆ. ಅದಕ್ಕೇ ಪ್ರತಿ ಅಳತೆಯ ಮದ್ದಿಗೂ ಕನಿಷ್ಠ ಐದು ಈಡು, ಗೆದ್ದ ಅಳತೆಗೆ ಇನ್ನೊಂದು ದಿನ ಮತ್ತೆ ಹತ್ತು. ಕೋವಿ ತಯಾರಕರು ಹೇಳಿದ ಮಿತಿಯೊಳಗೇ, ಕೆಳಗಿನಿಂದ ಶುರು ಮಾಡಿ ಐದೈದು ಗ್ರೇನ್ ಏರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮದ್ದು, ಬಟ್ಟೆ ಎರಡನ್ನೂ ಒಟ್ಟಿಗೆ ಬದಲಿಸಿದರೆ ಗುಂಪು ಬಿಗಿಯಾದದ್ದು ಯಾವುದರಿಂದ ಅಂತ ತಿಳಿಯೋಲ್ಲ.

(ದೃಶ್ಯ: ನಳಿಗೆಯಿಂದ ಕಪ್ಪಾಗಿ ಹೊರಬರುವ ಒದ್ದೆ ಬಟ್ಟೆ.)

ಈಗ ಮಸಿ. ಕರಿಮದ್ದು ಅಂದರೆ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ತೂಕ ಗಟ್ಟಿ ಪದಾರ್ಥವಾಗಿ ಉಳಿಯುತ್ತೆ, ಕೆಲವು ಹೊಗೆಯ ಜೊತೆ ಹಾರುತ್ತೆ, ಕೆಲವು ನಳಿಗೆಗೆ ಅಂಟುತ್ತೆ. ಒಣ ಹವೆಯಲ್ಲಿ ಅದು ಗಟ್ಟಿ ಹಕ್ಕಳೆ, ತೇವದ ದಿನ ಜಿಗುಟು. ಒರೆಸದೇ ಹೊಡೆಯುತ್ತಾ ಹೋದರೆ ಗುಂಡು ಇಳಿಸೋದು ಕಷ್ಟವಾಗ್ತಾ ಹೋಗುತ್ತೆ, ಗುಂಪು ಮೇಲಕ್ಕೂ ಕೆಳಕ್ಕೂ ಉದ್ದವಾಗುತ್ತೆ. ನನ್ನ ಕ್ರಮ: ಪ್ರತಿ ಈಡಿನ ನಂತರ ಒಂದು ಸಲ ಅರೆತೇವದ ಬಟ್ಟೆ, ಒಂದು ಸಲ ಒಣಬಟ್ಟೆ. ಸಣ್ಣ ಸಣ್ಣ ಎಳೆತ. ಒಂದೇ ಏಟಿಗೆ ತಳದವರೆಗೂ ನೂಕಿದರೆ ಮಸಿಯೆಲ್ಲಾ ಕೆಳಗೆ ಹೋಗಿ ಕಿಡಿ ಬರುವ ದಾರಿಯನ್ನೇ ಮುಚ್ಚುತ್ತೆ.

ಟ್ರಿಗರ್ ಎಳೆದರೂ ಸಿಡಿಯದಿದ್ದರೆ? ಬಾಯಿ ಗುರಿಯ ಕಡೆಗೇ ಇರಲಿ, ಕನಿಷ್ಠ ಒಂದು ನಿಮಿಷ ಅಲ್ಲಾಡಬೇಡಿ. ತಡವಾಗಿ ಸಿಡಿಯೋದುಂಟು.

(ದೃಶ್ಯ: ಮೂರು ಬಟ್ಟೆಚೂರು ಪಕ್ಕಪಕ್ಕ.)

ಮತ್ತೆ ಬಟ್ಟೆಗೆ ಬರೋಣ. ಎಡಗಡೆಯದು ನೋಡಿ: ನಡುವೆ ಗುಂಡು ಕೂತ ಕಪ್ಪು ವೃತ್ತ, ಅಂಚು ಸ್ವಲ್ಪ ಸಿಕ್ಕಾಗಿದೆ, ಬಟ್ಟೆ ಮಾತ್ರ ಇಡಿಯಾಗಿದೆ. ಇನ್ನೊಂದು ಸಲ ಬಳಸಬಹುದೇನೋ ಅನ್ನೋ ಹಾಗಿದೆ. ಇದೇ ನಮಗೆ ಬೇಕಾದ್ದು. ನಡುವಿನದರಲ್ಲಿ ಸುಟ್ಟ ತೂತು. ಬಟ್ಟೆ ತೆಳುವಾಗಿರಬೇಕು ಇಲ್ಲವೇ ಎಣ್ಣೆ ಸಾಲದೇ ಇರಬೇಕು, ಬಿಸಿ ಗಾಳಿ ನುಗ್ಗಿದೆ. ಬಲಗಡೆಯದರಲ್ಲಿ ಬ್ಲೇಡಿನಿಂದ ಕೊಯ್ದ ಹಾಗೆ ಸಾಲಾಗಿ ಸೀಳು. ನಳಿಗೆಯ ಬಾಯಿಯ ಅಂಚೋ ಕೊರಕಲುಗಳ ಏಣೋ ಹರಿತವಾಗಿದೆ. ಅನುಮಾನವಿದ್ದರೆ ಮದ್ದು ಹಾಕದೇ, ಬಟ್ಟೆ ಸುತ್ತಿದ ಗುಂಡನ್ನ ಇಳಿಸಿ, ತಿರುಪಿನಿಂದ ಹೊರಗೆಳೆದು ನೋಡಿ. ಆಗಲೂ ಸೀಳಿದ್ದರೆ ತಪ್ಪು ಬೆಂಕಿಯದಲ್ಲ, ಕಬ್ಬಿಣದ್ದು.

ಕೊನೆಯದಾಗಿ, ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ಈಡನ್ನ ಯಾವಾಗಲೂ ಬೇರೆ ಬಣ್ಣದಲ್ಲಿ ಬರೀತೀನಿ. ಶುದ್ಧವಾದ, ತಣ್ಣನೆ ನಳಿಗೆಯಿಂದ ಹೋದ ಆ ಗುಂಡು ಉಳಿದವುಗಳ ಗುಂಪಿನಿಂದ ಆಚೆ ಬೀಳೋದುಂಟು. ಐದು ದಿನದ ಐದು ಮೊದಲ ಈಡುಗಳನ್ನ ಒಂದೇ ಹಾಳೆಯ ಮೇಲೆ ಗುರುತು ಹಾಕಿ ನೋಡಿ. ಅವೆಲ್ಲಾ ಒಂದೇ ಕಡೆಗೆ ಸರಿದಿದ್ದರೆ, ಸೈಟ್ ಮುಟ್ಟಬೇಡಿ. ಪರೀಕ್ಷೆಗೆ ಮುಂಚೆ ಒಂದು ಈಡು ಹಾಗೇ ಹೊಡೆದು, ಎಂದಿನಂತೆ ಒರೆಸಿ, ಆಮೇಲೆ ಎಣಿಸೋಕೆ ಶುರು ಮಾಡಿ.

(ದೃಶ್ಯ: ನೋಟ್‌ಬುಕ್ಕಿನ ಪುಟಕ್ಕೆ ಪಿನ್ ಮಾಡಿದ ಬಟ್ಟೆಚೂರು.)